ಮೆಲ್ಲಗೆ ‘ಇಲ್ಲ’ ಎನ್ನುವ ಬಾಗಿಲಕ್ಕ

ಹೊರಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗಾಜಿನ ಗೋಡೆಯಾಚೆ ವಿಮಾನಗಳು ಒಂದರ ಪಕ್ಕ ಒಂದು ನಿಂತಿವೆ. ಅವುಗಳ ಹೊಟ್ಟೆಯಡಿ ಹಳದಿ ಅಂಗಿಯವರು ಪೆಟ್ಟಿಗೆ ತುಂಬುತ್ತಿದ್ದಾರೆ. ಒಳಗೆ, ವಿಮಾನ ನಿಲ್ದಾಣದ ಎರಡನೇ ಮಹಡಿಯಲ್ಲಿ, ಪ್ರಯಾಣಿಕರು ತಿಂದು ದಣಿವಾರಿಸಿಕೊಳ್ಳುವ ಲೌಂಜಿನ ಅಗಲವಾದ ಮರದ ಬಾಗಿಲ ಮುಂದೆ ಆಗಲೇ ಸಾಲು ಬೆಳೆದಿದೆ. ಸಾಲಿನ ತುದಿಗೆ, ಎತ್ತರದ ಮೇಜಿನ ಹಿಂದೆ, ಬೂದು ಬಣ್ಣದ ಕೋಟು ತೊಟ್ಟ ಹೆಂಗಸೊಬ್ಬಳು ನಿಂತಿದ್ದಾಳೆ. ಕೂತಿಲ್ಲ, ನಿಂತಿದ್ದಾಳೆ. ಆ ಮೇಜಿಗೆ ಕುರ್ಚಿ ಕೊಟ್ಟಿಲ್ಲ.

ಈಗ ಸರದಿ ಒಂದು ಸಂಸಾರದ್ದು. ಗಂಡ, ಹೆಂಡತಿ, ಎರಡು ಮಕ್ಕಳು. ಎಲ್ಲರ ಕಾಲಲ್ಲೂ ಹೊಸ ಬೂಟು. ‘ಒಳಗೆ ಎಷ್ಟು ಬೇಕಾದ್ರೂ ತಿನ್ಬಹುದು, ದುಡ್ಡೇ ಕೊಡಂಗಿಲ್ಲ’ ಎಂದು ಗಂಡ ಮನೆಯಿಂದ ಇಲ್ಲಿಯವರೆಗೂ ಹೇಳಿಕೊಂಡು ಬಂದಿರಬೇಕು, ಮಕ್ಕಳ ಕಣ್ಣೆಲ್ಲ ಬಾಗಿಲ ಸಂದಿಯಲ್ಲೇ ಇದೆ. ಆತ ಗತ್ತಿನಿಂದ ಕಾರ್ಡು ತೆಗೆದು ಯಂತ್ರಕ್ಕೆ ತಾಗಿಸುತ್ತಾನೆ. ಯಂತ್ರ ಕೀಚಲು ದನಿ ಮಾಡಿ ಕೆಂಪಗಾಗುತ್ತದೆ. ಅಷ್ಟರಲ್ಲಿ ಆ ಹೆಂಗಸಿನ ಅಂಗೈ ಆ ಕೆಂಪು ದೀಪದ ಮೇಲೆ ಬಿದ್ದಾಗಿದೆ. ಹೆಂಡತಿಗೆ ದೀಪ ಕಾಣುವುದಿಲ್ಲ.

‘ಸರ್, ಒಂದ್ನಿಮಿಷ ಈ ಕಡೆ ಬರ್ತೀರಾ? ಇಲ್ಲಿ ಸಾಲಿನ ಗಲಾಟೆ, ಮಾತು ಸರಿಯಾಗಿ ಕೇಳ್ಸಲ್ಲ.’

ಮೇಜಿನ ಹಿಂದಿನಿಂದ ಬಂದು ಆತನನ್ನು ಕಂಬದ ಮರೆಗೆ ಕರೆದೊಯ್ಯುತ್ತಾಳೆ. ಮಕ್ಕಳಿಗೆ ತನ್ನ ಬೆನ್ನಷ್ಟೇ ಕಾಣುವ ಹಾಗೆ ನಿಲ್ಲುತ್ತಾಳೆ. ‘ಕಾರ್ಡಲ್ಲಿ ಏನೂ ತಪ್ಪಿಲ್ಲ ಸರ್. ಹೋದ ಮೂರು ತಿಂಗಳು ಇದರಲ್ಲಿ ಜಾಸ್ತಿ ಖರ್ಚು ಮಾಡಿಲ್ಲ ಅನ್ಸುತ್ತೆ. ಖರ್ಚು ಮಾಡದೋರಿಗೆ ಬ್ಯಾಂಕಿನವರು ಲೌಂಜ್ ನಿಲ್ಲಿಸ್ಬಿಟ್ಟಿದ್ದಾರೆ. ಹೊಸ ನಿಯಮ, ದಿನಾ ಎಷ್ಟೋ ಜನ ಇಲ್ಲಿ ಬಂದೇ ತಿಳ್ಕೊಳ್ತಾರೆ.’

ಆತ ಹಿಂದೆ ತಿರುಗಿ ಹೆಂಡತಿಯನ್ನು ನೋಡುತ್ತಾನೆ. ‘ಇವರಿಗೆ ಏನಂತ ಹೇಳ್ಲಿ ಈಗ?’

‘ನೀವೇನೂ ಹೇಳ್ಬೇಡಿ. ನಾನು ಹೇಳ್ತೀನಿ.’

ಹೋಗಿ ಮಕ್ಕಳ ಮುಂದೆ ಮಂಡಿಯೂರುತ್ತಾಳೆ. ‘ಒಳಗೆ ಕಿಟಕಿ ಪಕ್ಕದ ಜಾಗ ಎಲ್ಲ ತುಂಬೋಗಿದೆ ಕಣ್ರೋ. ವಿಮಾನ ಹತ್ತಿರದಿಂದ ನೋಡ್ಬೇಕು ಅಂದ್ರೆ ಹನ್ನೊಂದನೇ ಗೇಟಿಗೆ ಹೋಗಿ. ಅದರ ಮೂತಿ ಗಾಜಿಗೆ ಮುಟ್ಟೋ ಹಾಗೆ ನಿಲ್ಸಿರ್ತಾರೆ. ಎದುರುಗಡೇನೇ ಬಿಸಿ ಬ್ರೆಡ್ಡು, ಮೊಟ್ಟೆ ಎಲ್ಲ ಸಿಗುತ್ತೆ. ಬೇಗ ಹೋಗಿ, ಬೇರೆ ಮಕ್ಕಳು ಬಂದ್ಬಿಡ್ತಾರೆ.’ ಮಕ್ಕಳು ಅಪ್ಪನ ಕೈ ಹಿಡಿದು ಎಳೆಯುತ್ತವೆ. ಅಪ್ಪ ಹೋಗುತ್ತಾ ಒಮ್ಮೆ ಹಿಂದಿರುಗಿ ನೋಡುತ್ತಾನೆ. ಹೆಂಡತಿಗೆ ಏನೋ ನಡೆದಿದೆ ಎಂಬ ಗುಮಾನಿ ಇದ್ದೇ ಇದೆ, ಆದರೂ ಮಕ್ಕಳ ಹಿಂದೆ ನಡೆಯುತ್ತಾಳೆ.

ಸುಳ್ಳು ಹೇಳಿ ಕಳಿಸಿದಿರಲ್ಲ ಎಂದು ಛೇಡಿಸಿದರೆ ಆಕೆ ಸಿಟ್ಟಾಗುತ್ತಾಳೆ. ‘ಏನ್ ಸುಳ್ಳು? ಬಾಗಿಲು ತೆಗೆದು ನೋಡಿ, ಕಿಟಕಿ ಪಕ್ಕ ಒಂದು ಜಾಗ ಇದ್ರೆ ಹೇಳಿ. ನಾನು ಸುಳ್ಳು ಹೇಳಲ್ಲ. ಇರೋ ನಿಜಗಳಲ್ಲಿ ಯಾವುದನ್ನ ಮೊದಲು ಹೇಳ್ಬೇಕು, ಯಾವುದನ್ನ ಮೆಲ್ಲಗೆ ಹೇಳ್ಬೇಕು, ಅಷ್ಟೇ ನೋಡ್ಕೊಳ್ತೀನಿ.’

ನಿಲ್ದಾಣದ ಈ ಮಹಡಿಯಲ್ಲಿ ಕೆಲಸ ಮಾಡುವವರೆಲ್ಲ ಅವಳನ್ನು ಬಾಗಿಲಕ್ಕ ಎನ್ನುತ್ತಾರೆ. ಕಸ ಗುಡಿಸುವವರಿಂದ ಹಿಡಿದು ಗಡಿಯಾರದ ಅಂಗಡಿಯವರ ತನಕ ಯಾರನ್ನು ಕೇಳಿದರೂ ಸೀದಾ ಅವಳ ಮೇಜಿನ ಹತ್ತಿರ ತಂದು ಬಿಡುತ್ತಾರೆ. ವಯಸ್ಸು ಐವತ್ತಕ್ಕೆ ಹತ್ತಿರ. ಕತ್ತಿಗೆ ಕಟ್ಟಿದ ರುಮಾಲು ಜಾರದಂತೆ ಒಂದು ಪಿನ್ನು, ಕೋಟಿನ ಒಳಗೆ ಗಂಡ ಹೊಲಿದುಕೊಟ್ಟ ಗುಟ್ಟಿನ ಜೇಬು. ಆ ಜೇಬಿನಲ್ಲಿ ಮಕ್ಕಳಿಗೆ ಪೆಪ್ಪರಮಿಂಟು, ಕಿತ್ತುಹೋದ ಗುಂಡಿಗೆ ಸೂಜಿ ದಾರ, ತನ್ನ ಹಿಮ್ಮಡಿ ನೋವಿಗೆ ಮಾತ್ರೆ. ಗಂಡ ದರ್ಜಿ. ಮನೆಯ ಕೆಳಗೆ, ಮೆಟ್ಟಿಲ ಅಡಿಯ ಸಣ್ಣ ಜಾಗದಲ್ಲೇ ಅವನ ಹೊಲಿಗೆ ಯಂತ್ರ. ಕಂಪನಿ ಕೊಟ್ಟ ಕೋಟು ಹೆಗಲಲ್ಲಿ ಬಿಗಿಯಾಗಿತ್ತಂತೆ. ‘ಇದನ್ನ ಹೊಲಿದೋನು ಹೆಂಗಸರಿಗೆ ಕೈ ಇರುತ್ತೆ ಅನ್ನೋದನ್ನೇ ಮರೆತಿದ್ದಾನೆ’ ಎಂದು ಬೈದುಕೊಂಡು, ಪೂರ್ತಿ ಬಿಚ್ಚಿ ಮತ್ತೆ ಹೊಲಿದುಕೊಟ್ಟಿದ್ದಾನೆ.

ಮೊದಲು ಅವಳು ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದಳು. ಹೊರರೋಗಿಗಳಿಗೆ ಚೀಟಿ ಕೊಡುವ ಕಿಟಕಿಯ ಕೆಲಸ. ಇವತ್ತಿನ ಚೀಟಿ ಮುಗೀತು, ನಾಳೆ ಬನ್ನಿ ಎಂದು ದಿನಾ ಹೇಳಬೇಕಿತ್ತು. ‘ಅಲ್ಲಿ ಹೇಳೋ “ಇಲ್ಲ” ಬೇರೆ. ಅಲ್ಲಿ ಎದುರಿಗಿರೋರ ಮೈಯಲ್ಲಿ ಜ್ವರ ಇರುತ್ತೆ, ಕಂಕುಳಲ್ಲಿ ಕೂಸಿರುತ್ತೆ. ಒರಟಾಗಿ ಹೇಳಿದ ದಿನ ನನಗೆ ಊಟ ಇಳೀತಿರ್ಲಿಲ್ಲ. ಹಾಗಾಗಿ ಕಲಿತ್ಕೊಂಡೆ ಅಷ್ಟೆ.’ ಆಸ್ಪತ್ರೆಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ ಕಂಪ್ಯೂಟರ್ ಕೂರಿಸಿದಾಗ ಕೆಲಸ ಹೋಯಿತು. ಗುತ್ತಿಗೆದಾರನೊಬ್ಬನ ಕೈಕಾಲು ಹಿಡಿದು ಇಲ್ಲಿಗೆ ಬಂದಳು. ಆಗ ಸಿಕ್ಕಿದ್ದು ಇದೇ ಲೌಂಜಿನ ಸ್ನಾನದ ಕೋಣೆಗಳನ್ನು ತೊಳೆಯುವ ಕೆಲಸ.

ಬಾಗಿಲಿಗೆ ಬಂದಿದ್ದು ಆಕಸ್ಮಿಕ. ಒಂದು ದಿನ ಮೇಜಿನ ಹಿಂದೆ ನಿಂತಿದ್ದ ಹುಡುಗಿಯ ಮೇಲೆ ಪ್ರಯಾಣಿಕನೊಬ್ಬ ಬಾಯಿಗೆ ಬಂದಂತೆ ಹರಿಹಾಯ್ದ. ಹುಡುಗಿ ಅಳುತ್ತಾ ಒಳಗೆ ಓಡಿದಳು. ಸಾಲು ಹಾಗೇ ನಿಂತಿತು. ನೆಲ ಒರೆಸುವ ಕೋಲು ಕೈಯಲ್ಲಿ ಹಿಡಿದಿದ್ದ ಇವಳು ಅದನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು ಬಂದು, ‘ಕೂಗಿ ಕೂಗಿ ಗಂಟಲು ಒಣಗಿರುತ್ತೆ ಸರ್, ಮೊದಲು ನೀರು ಕುಡೀರಿ’ ಎಂದು ಲೋಟ ಮುಂದೆ ಹಿಡಿದಳು. ಆತ ನೀರು ಕುಡಿದ. ಕುಡಿಯುವಾಗ ಕೂಗಲು ಆಗುವುದಿಲ್ಲವಲ್ಲ! ಅಷ್ಟು ಹೊತ್ತಿನಲ್ಲಿ ಅವನಿಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿದ್ದಳು. ಬಾಗಿಲಲ್ಲಿ ನಿಂತು ಎಲ್ಲ ನೋಡಿದ ಲೌಂಜಿನ ಮ್ಯಾನೇಜರು ಮರುದಿನ ಅವಳ ಕೈಗೆ ಕೋಟು ಕೊಟ್ಟರು.

ಬೆಳಗಿನ ಪಾಳಿಯೊಂದರಲ್ಲೇ ಮುನ್ನೂರು, ನಾನೂರು ಜನ ಈ ಬಾಗಿಲಿಗೆ ಬರುತ್ತಾರೆ. ಅವರಲ್ಲಿ ನಲವತ್ತು ಐವತ್ತು ಮಂದಿಗಾದರೂ ಇಲ್ಲ ಎನ್ನಲೇಬೇಕು. ಕಾರ್ಡಿನ ಅವಧಿ ಮುಗಿದಿರುತ್ತದೆ. ಇನ್ಯಾವುದೋ ಲೌಂಜಿನ ಕಾರ್ಡು ಇಲ್ಲಿಗೆ ಬಂದಿರುತ್ತದೆ. ಸಂಜೆಯ ವಿಮಾನಕ್ಕೆ ಬೆಳಿಗ್ಗೆಯೇ ಬಂದು ಕೂರುತ್ತೇವೆ ಎನ್ನುವವರು ಇರುತ್ತಾರೆ. ವಿಮಾನ ಹೊರಡಲು ಮೂರು ಗಂಟೆಗಿಂತ ಹೆಚ್ಚು ಹೊತ್ತಿದ್ದರೆ ಒಳಗೆ ಬಿಡುವಂತಿಲ್ಲ. ಎಲ್ಲಕ್ಕಿಂತ ಫಜೀತಿ ಎಂದರೆ ಒಬ್ಬರಿಗಷ್ಟೇ ನಡೆಯುವ ಕಾರ್ಡು ಹಿಡಿದು ಇಬ್ಬರು ಬಂದಾಗ.

‘“ನೀನು ಹೋಗು”, “ನೀವೇ ಹೋಗಿ” ಅನ್ನೋ ಗಂಡ ಹೆಂಡತಿಯನ್ನ ದಿನಾ ನೋಡ್ತೀನಿ’ ಎಂದು ಬಾಗಿಲಕ್ಕ ನಗುತ್ತಾಳೆ. ‘ಹೊಸದಾಗಿ ಮದುವೆಯಾದೋರು ಇಬ್ಬರೂ ಹೋಗಲ್ಲ. ಸ್ವಲ್ಪ ವರ್ಷ ಆದೋರು ಜಗಳ ಆಡ್ತಾರೆ. ತುಂಬಾ ವಯಸ್ಸಾದೋರು ಮಾತೇ ಆಡಲ್ಲ; ಒಬ್ಬರು ಒಳಗೆ ಹೋಗ್ತಾರೆ, ಅರ್ಧ ಗಂಟೆಗೆ ಹೊರಗೆ ಬರ್ತಾರೆ, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಕೇಕು. ಒಳಗಿನದ್ದು ಹೊರಗೆ ತರೋ ಹಾಗಿಲ್ಲ ಅಂತ ನಾನು ಹೇಳ್ಬೇಕು. ಹೇಳೋಕೆ ಮುಂಚೆ ಇನ್ನೊಬ್ಬರು ತಿಂದು ಮುಗಿಸಿರ್ತಾರೆ. ನಾನೇನ್ ಮಾಡ್ಲಿ?’ ಒಬ್ಬ ಗಂಡ ಮಾತ್ರ ಹೆಂಡತಿಯನ್ನು ಪೆಟ್ಟಿಗೆಗಳ ಜೊತೆ ಹೊರಗೆ ನಿಲ್ಲಿಸಿ, ಒಳಗೆ ಹೋಗಿ, ಸೋಫಾದಲ್ಲಿ ಗೊರಕೆ ಹೊಡೆದನಂತೆ. ‘ವಿಮಾನದ ಹೊತ್ತಾಯ್ತು ಅಂತ ಎಬ್ಬಿಸೋಕೆ ನಾನೇ ಹೋದೆ. ಸ್ವಲ್ಪ ಜೋರಾಗೇ ಎಬ್ಬಿಸ್ದೆ.’

ನಿಲ್ದಾಣದಲ್ಲಿ ಒಟ್ಟು ನಾಲ್ಕು ಲೌಂಜುಗಳಿವೆ. ದೊಡ್ಡ ದೊಡ್ಡ ಹೆಸರುಗಳಿದ್ದರೂ ಬಾಗಿಲಕ್ಕನ ಬಾಯಲ್ಲಿ ಅವು ಬೇರೆ. ‘ಮೆತ್ತನೇದು’ ಎಂದರೆ ವಿಮಾನದಲ್ಲಿ ಮುಂದಿನ ಸಾಲಿನವರಿಗಾಗಿ ಇರುವುದು. ಅಲ್ಲಿ ಹೆಜ್ಜೆ ಸಪ್ಪಳ ಕೇಳದಷ್ಟು ದಪ್ಪ ರತ್ನಗಂಬಳಿ, ‘ಕೆಮ್ಮೋಕೂ ಭಯ ಆಗುತ್ತೆ’. ‘ಸಂತೆ’ ಎಂದರೆ ಕೆಳಗಿನ ಮಹಡಿಯದು. ಎಲ್ಲ ಬ್ಯಾಂಕಿನ ಕಾರ್ಡೂ ನಡೆಯುತ್ತದೆ, ಅಡುಗೆ ಬಿಸಿಬಿಸಿ, ಆದರೆ ತಟ್ಟೆ ಹಿಡಿದು ನಿಂತೇ ತಿನ್ನಬೇಕು. ‘ಮೂಲೇದು’ ಕೊನೆಯ ಗೇಟುಗಳಾಚೆ ಇದೆ. ನಡೆದು ಸಾಕಾಗುತ್ತದೆ, ಹೆಚ್ಚು ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ಸೂಪು ಬ್ರೆಡ್ಡು ಬಿಟ್ಟರೆ ತಿನ್ನಲು ಇನ್ನೇನಿಲ್ಲ, ಆದರೆ ಕಾಲು ಚಾಚಿ ಮಲಗುವಷ್ಟು ಉದ್ದದ ಸೋಫಾಗಳಿವೆ. ನಾಲ್ಕನೆಯದು ಇವಳದು, ಸ್ನಾನದ ಕೋಣೆಗಳಿರುವುದು ಇಲ್ಲಿ ಮಾತ್ರ.

ಬಂದವರನ್ನು ನೋಡಿದ ಕೂಡಲೇ ಯಾರು ಎಲ್ಲಿಗೆ ಸಲ್ಲುತ್ತಾರೆ ಎಂದು ಅವಳು ಅಂದಾಜು ಹಾಕುತ್ತಾಳೆ. ಹಸಿದವರು ಸಂತೆಗೆ. ನಿದ್ದೆಗೆಟ್ಟವರು ಮೂಲೆಗೆ. ಒಂದೇ ಗಂಟೆ ಉಳಿದಿರುವವರಿಗೆ ‘ಲೌಂಜೇ ಬೇಡ, ಓಡಿ ಬಂದು ಓಡಿ ಹೋಗೋದಾಗುತ್ತೆ, ಗೇಟಿನ ಹತ್ರಾನೇ ಆರಾಮಾಗಿ ಕೂತ್ಕೊಳ್ಳಿ’ ಎನ್ನುತ್ತಾಳೆ. ಮೊನ್ನೆ ಒಬ್ಬಾತ ಅಂಗಿಯ ಗುಂಡಿಗಳನ್ನು ಒಂದಕ್ಕೊಂದು ತಪ್ಪಿಸಿ ಹಾಕಿಕೊಂಡು ಬಂದಿದ್ದ. ಕಾರ್ಡು ಸರಿಯಾಗಿಯೇ ಇತ್ತು, ಒಳಗೆ ಬಿಡಬಹುದಿತ್ತು. ಅವಳು ತಡೆದು, ‘ಇಲ್ಲಿ ಇವತ್ತು ಟಿವಿ ಗಲಾಟೆ ಜಾಸ್ತಿ ಸರ್. ಇದೇ ಕಾರ್ಡು ಕೊನೇಲಿರೋ ಲೌಂಜಿಗೂ ನಡೆಯುತ್ತೆ, ಅಲ್ಲಿ ಯಾರೂ ಇರಲ್ಲ’ ಎಂದಳು. ಆತ ಅವಳ ಮುಖ ನೋಡಿ, ‘ನಮ್ಮಪ್ಪ ಹೋಗ್ಬಿಟ್ರು’ ಎಂದ. ‘ಗೊತ್ತಾಯ್ತು ಸರ್’ ಎಂದು ಅವಳು ಅರ್ಧ ದಾರಿಯವರೆಗೆ ಜೊತೆಗೆ ನಡೆದು ಬಂದಳು.

ಇಷ್ಟೆಲ್ಲ ಮಾಡುವವಳಿಗೆ ಮನೆಯಲ್ಲಿ ಸಿಗುತ್ತಿದ್ದ ಮರ್ಯಾದೆ ಅಷ್ಟಕ್ಕಷ್ಟೆ. ಸಂಜೆ ಮನೆಗೆ ಕಾಲಿಟ್ಟರೆ ಸಾಕು, ಅತ್ತೆ ಕುರ್ಚಿಯಲ್ಲಿ ಕೂತಲ್ಲಿಂದಲೇ, ‘ಇವತ್ತು ಎಷ್ಟು ಜನರನ್ನ ಆಚೆಗೆ ಹಾಕ್ದೆ?’ ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಮಂಡಿ ಸವೆದಿದೆ, ನಾಲಿಗೆ ಸವೆದಿಲ್ಲ. ಸೊಸೆಯದು ತಿನ್ನುವವರನ್ನು ತಡೆಯುವ ಕೆಲಸ ಎಂಬುದು ಅವರ ತಿಳಿವಳಿಕೆ. ಬೀದಿಯವರ ಮುಂದೆ ಮಾತ್ರ ಅದನ್ನೇ ದೊಡ್ಡದು ಮಾಡಿ ಹೇಳುತ್ತಿದ್ದರು.

ಹೋದ ಚಳಿಗಾಲ ಪರದೇಶದಲ್ಲಿರುವ ಅತ್ತೆಯ ಮಗಳಿಗೆ ಹೆರಿಗೆ ಹತ್ತಿರವಾಯಿತು. ಅತ್ತೆ ಹೊರಟರು. ಜೀವನದಲ್ಲಿ ಮೊದಲ ಬಾರಿಗೆ ವಿಮಾನ, ಅದೂ ಒಬ್ಬರೇ. ಹೊರಡುವುದಕ್ಕೆ ಒಂದು ವಾರ ಮುಂಚೆಯೇ ಬೀದಿಗೆಲ್ಲ ಡಂಗುರ ಸಾರಿಯಾಗಿತ್ತು. ‘ನನಗೇನು ಯೋಚನೆ? ಬಾಗಿಲಲ್ಲೇ ಸೊಸೆ ನಿಂತಿರ್ತಾಳೆ. ಸೀದಾ ಒಳಗೆ ಹೋಗೋದು, ಸೋಫಾ ಮೇಲೆ ಕೂರೋದು, ಬೇಕಾದ್ದು ತಿನ್ನೋದು.’ ಮಗ ಹೊಸ ಕೋಟು ಹೊಲಿದುಕೊಟ್ಟ. ಸೊಸೆಯೂ ಸುಮ್ಮನಿರಲಿಲ್ಲ. ಅಲ್ಲಿ ಕೆಲಸ ಮಾಡುವವರ ಮನೆಯವರಿಗೆಂದು ಪುಕ್ಕಟೆ ಪ್ರವೇಶವೇನೂ ಇಲ್ಲ, ಆದರೆ ಯಾರು ಬೇಕಾದರೂ ಹಣ ಕೊಟ್ಟು ಒಂದು ದಿನದ ಪಾಸು ಕೊಳ್ಳಬಹುದು. ಅದನ್ನು ತಾನೇ ಕೊಳ್ಳುವುದೆಂದು ಗಂಡನಿಗೂ ಹೇಳದೆ ತೀರ್ಮಾನಿಸಿದ್ದಳು.

ಆ ಬೆಳಿಗ್ಗೆಯೇ ಮಂಜು ಮುಸುಕಬೇಕೆ! ಒಂದು ವಿಮಾನವೂ ಮೇಲೇಳಲಿಲ್ಲ. ಹೋಗಬೇಕಾದವರು ಹೋಗಲಿಲ್ಲ, ಬರುವವರು ಬರುತ್ತಲೇ ಇದ್ದರು. ಗೇಟುಗಳ ಬಳಿ ಒಂದು ಕುರ್ಚಿಯೂ ಖಾಲಿ ಇಲ್ಲ. ಲೌಂಜಿನೊಳಗೆ ಜನ ಕಿಟಕಿಯ ಅಂಚಿನಲ್ಲೆಲ್ಲ ಕೂತಿದ್ದರು. ‘ಸರಿಯಾದ ಕಾರ್ಡಿದ್ದವರು ಮಾತ್ರ. ಪಾಸು ಯಾರಿಗೂ ಕೊಡ್ಬೇಡಿ, ಯಾರೇ ಆಗ್ಲಿ’ ಎಂದು ಮ್ಯಾನೇಜರ ಆಜ್ಞೆಯಾಯಿತು. ಬಾಗಿಲಕ್ಕ ಹೇಳಿ ಹೇಳಿ ಸುಸ್ತಾದಳು. ಇಲ್ಲ ಎನಿಸಿಕೊಂಡವರಿಗೆ ಹೋಗಲು ಬೇರೆ ಜಾಗವೂ ಇಲ್ಲ; ಹತ್ತು ಹನ್ನೆರಡು ಮಂದಿ ಅಲ್ಲೇ ಕಂಬದ ಸುತ್ತ ನಿಂತುಬಿಟ್ಟರು. ಅವರಲ್ಲಿ ಒಬ್ಬಳು ತುಂಬು ಗರ್ಭಿಣಿ, ಗಂಡನ ಹೆಗಲಿಗೆ ಒರಗಿ ನಿಂತಿದ್ದಳು.

ಆಗ ಅತ್ತೆ ಬಂದರು. ಗಾಲಿಕುರ್ಚಿ ಕೊಡುತ್ತೇವೆಂದ ಸಿಬ್ಬಂದಿಗೆ ‘ನನಗೇನು ಕಾಲಿಲ್ವಾ?’ ಎಂದು ಗದರಿ, ಅಷ್ಟು ದೂರವನ್ನೂ ನಡೆದೇ ಬಂದಿದ್ದರು. ಹೊಸ ಕೋಟು, ಹೆಗಲಲ್ಲಿ ಬಟ್ಟೆಯ ಚೀಲ. ಸೊಸೆಯ ಲೌಂಜಿನಲ್ಲಿ ತಿನ್ನುವುದಕ್ಕೆಂದೇ ಮನೆಯಲ್ಲಿ ಒಂದು ತುತ್ತೂ ಬಾಯಿಗೆ ಹಾಕಿರಲಿಲ್ಲ. ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನೇರ ಮೇಜಿನ ಮುಂದೆ ಬಂದು, ಎಲ್ಲರಿಗೂ ಕೇಳುವ ಹಾಗೆ, ‘ಬಂದೆ ಕಣೇ. ಯಾವ ಕಡೆಯಿಂದ ಹೋಗ್ಬೇಕು?’ ಎಂದರು.

ಬಾಗಿಲಕ್ಕ ಮೇಜಿನ ಹಿಂದಿನಿಂದ ಬಂದು ಅತ್ತೆಯ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದಳು. ದಿನಾ ನಾಲಿಗೆ ತುದಿಯಲ್ಲಿರುತ್ತಿದ್ದ ಮೆತ್ತನೆಯ ಮಾತುಗಳೆಲ್ಲ ಎಲ್ಲಿ ಹೋದವೋ, ಒಂದೂ ನೆನಪಾಗಲಿಲ್ಲ. ‘ಅತ್ತೆ, ಇವತ್ತು ಆಗಲ್ಲ’ ಎಂದುಬಿಟ್ಟಳು.

‘ಆಗಲ್ಲ ಅಂದ್ರೆ?’

‘ಒಳಗೆ ಜಾಗ ಇಲ್ಲ. ದುಡ್ಡು ಕೊಟ್ರೂ ಯಾರನ್ನೂ ಬಿಡೋ ಹಾಗಿಲ್ಲ.’

‘ನಾನು ಯಾರು ಅಂತ ಹೇಳಿದ್ಯಾ ಒಳಗೆ?’

‘ಹೇಳಿದ್ರೂ ಅಷ್ಟೇ ಅತ್ತೆ. ಅಲ್ಲಿ ನೋಡಿ, ಆ ಹುಡುಗಿ. ಬಸುರಿ. ಅವಳಿಗೂ ಈಗಷ್ಟೇ ಇಲ್ಲ ಅಂದೆ. ಅವಳ ಮುಂದೆ ನಿಮ್ಮನ್ನ ಹೇಗೆ ಒಳಗೆ ಕಳಿಸ್ಲಿ?’

ಅತ್ತೆ ಸೊಸೆಯ ಮುಖ ನೋಡಿದರು, ಕಂಬದ ಸುತ್ತ ನಿಂತವರನ್ನು ನೋಡಿದರು. ಅಷ್ಟು ಜನರೂ ಇವರಿಬ್ಬರನ್ನೇ ನೋಡುತ್ತಿದ್ದರು. ಆ ಹೊತ್ತಿಗೆ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಬೆಳಗಿನಿಂದ ನಾಲ್ಕು ಸಲ ಕೇಳಿದ್ದಕ್ಕೆ ಈಗ ಮೂಲೆಯ ಲೌಂಜಿನವರು ಉತ್ತರ ಕೊಟ್ಟಿದ್ದರು. ಒಬ್ಬರು ಎದ್ದು ಹೋಗಿದ್ದಾರೆ, ಒಂದೇ ಒಂದು ಜಾಗ ಇದೆ. ಬಾಗಿಲಕ್ಕನಿಗೆ ಹೋದ ಜೀವ ಬಂದಂತಾಯಿತು. ‘ಅತ್ತೆ, ಆ ಕೊನೇಲಿ ಒಂದು ಜಾಗ ಇದೆಯಂತೆ...’ ಎಂದು ಶುರುಮಾಡಿದವಳು ಗರ್ಭಿಣಿಯ ಕಡೆ ಕಣ್ಣು ಹೋಗಿ ಅಲ್ಲಿಗೇ ನಿಲ್ಲಿಸಿದಳು.

ಅತ್ತೆಗೆ ಅರ್ಥವಾಯಿತು. ‘ಅಲ್ಲಿಗೆ ಅವಳನ್ನ ಕಳಿಸು’ ಎಂದರು. ಆಮೇಲೆ, ತಾವು ಸೋತೆವೆಂದು ಯಾರಾದರೂ ತಿಳಿದುಕೊಂಡಾರು ಎಂಬಂತೆ ದನಿ ಏರಿಸಿ, ‘ನಾನು ಬಂದಿದ್ದು ನಿನ್ನ ಬಾಗಿಲಿಗೆ. ಕಂಡೋರ ಬಾಗಿಲಿಗಲ್ಲ’ ಎಂದರು. ಬಟ್ಟೆಯ ಚೀಲವನ್ನು ಗೋಡೆಗೆ ಒತ್ತಿ, ಮಂಡಿ ಹಿಡಿದುಕೊಂಡು, ಮೆಲ್ಲಗೆ ಕೆಳಗಿಳಿದು, ಹೊಳೆಯುವ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಲೌಂಜಿನ ಬಾಗಿಲಿಗೆ ನೇರ ಎದುರು. ಗರ್ಭಿಣಿ ಗಂಡನ ಕೈ ಹಿಡಿದು ಮೂಲೆಯ ಲೌಂಜಿನ ಕಡೆ ಹೊರಟಳು.

ಇಲ್ಲಿ ಒಂದು ವಿಷಯ ಹೇಳಬೇಕು. ಬಾಗಿಲಿನ ಹೊರಗೆ ಒಂದು ಬೆಂಚು ಹಾಕಿಸಿ ಎಂದು ಬಾಗಿಲಕ್ಕ ಎರಡು ವರ್ಷದಿಂದ ಮ್ಯಾನೇಜರ ಹಿಂದೆ ಬಿದ್ದಿದ್ದಳು. ಇಲ್ಲ ಎನಿಸಿಕೊಂಡವರಿಗೆ ಒಂದು ಕ್ಷಣ ಕೂತು ಸುಧಾರಿಸಿಕೊಳ್ಳಲು ಜಾಗ ಬೇಡವೇ ಎಂಬುದು ಅವಳ ವಾದ. ‘ಇದೇನು ಬಸ್ ನಿಲ್ದಾಣನಾ? ಬಾಗಿಲ ಮುಂದೆ ಜನ ಗುಂಪುಗೂಡಿದ್ರೆ ಒಳಗೆ ಬರೋರಿಗೆ ಏನನಿಸುತ್ತೆ?’ ಎಂದು ಅವರು ಪ್ರತಿ ಸಲ ಮೂಗು ಮುರಿದಿದ್ದರು.

ನೆಲದ ಮೇಲೆ ಯಾರೋ ಮುದುಕಿ ಕೂತಿದ್ದಾಳೆಂದು ಸುದ್ದಿ ಹೋಗಿ ಮ್ಯಾನೇಜರು ಹೊರಗೆ ಬಂದರು. ‘ಅಮ್ಮಾ, ಇಲ್ಲಿ ಕೂರೋ ಹಾಗಿಲ್ಲ, ಏಳಿ.’

ಅತ್ತೆ ತಲೆಯೆತ್ತಿ ನೋಡಿದರು. ‘ಕುರ್ಚಿ ಕೊಡಿ, ಏಳ್ತೀನಿ.’

ಮ್ಯಾನೇಜರು ಬಾಗಿಲಕ್ಕನ ಕಡೆ ತಿರುಗಿದರು. ಅವಳು, ‘ಇವರು ನಮ್ಮತ್ತೆ ಸರ್’ ಎಂದಳು.

‘ನಿಮ್ಮತ್ತೇನಾ? ಮತ್ತೆ ಒಳಗ್ಯಾಕೆ ಬಿಟ್ಟಿಲ್ಲ?’

‘ಯಾರನ್ನೂ ಬಿಡ್ಬೇಡಿ ಅಂತ ನೀವೇ ಹೇಳಿದ್ರಲ್ಲ ಸರ್.’

ಕಂಬದ ಬಳಿ ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರು ಒಳಗೆ ಹೋಗಿ, ತಮ್ಮ ಕೋಣೆಯ ಕುರ್ಚಿಯನ್ನೇ ಎತ್ತಿಕೊಂಡು ಬಂದರು. ಅತ್ತೆ ಅದರ ಮೇಲೆ ಕೂತು, ಕೋಟು ಸರಿಪಡಿಸಿಕೊಂಡು, ‘ಇವರೂ ನಿಂತಿದ್ದಾರಲ್ಲಪ್ಪ’ ಎಂದು ಉಳಿದವರತ್ತ ಕೈ ತೋರಿಸಿದರು. ಅಡುಗೆಯವರು ಕೂತು ಉಣ್ಣುವ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿದ್ದ ಸ್ಟೂಲುಗಳು ಒಂದೊಂದಾಗಿ ಹೊರಗೆ ಬಂದವು.

ಒಳಗಿನ ತಿಂಡಿ ಹೊರಗೆ ತರುವಂತಿಲ್ಲ. ಅತ್ತೆಯ ಹೊಟ್ಟೆ ತಾಳ ಹಾಕುತ್ತಿತ್ತು. ಬಾಗಿಲಕ್ಕ ತನ್ನ ಊಟದ ಡಬ್ಬಿ ತಂದುಕೊಟ್ಟಳು. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಅತ್ತೆ ಪೂರ್ತಿ ತಿಂದು ಮುಗಿಸಿ, ಡಬ್ಬಿಯ ಮುಚ್ಚಳ ಹಾಕುತ್ತಾ, ‘ಉಪ್ಪು ಕಮ್ಮಿ’ ಎಂದರು.

ಮಂಜು ಕರಗುವ ತನಕ ಅವರು ಅಲ್ಲೇ ಕೂತಿದ್ದರು. ಸೊಸೆ ಕೆಲಸ ಮಾಡುವುದನ್ನು ಅಷ್ಟು ವರ್ಷಗಳಲ್ಲಿ ನೋಡಿದ್ದು ಅದೇ ಮೊದಲು. ಸಾಲು ಮುಗಿಯಲೇ ಇಲ್ಲ. ಒಬ್ಬ ಸೂಟುಧಾರಿ ‘ನಿನ್ನಂಥೋಳ ಹತ್ರ ಏನು ಮಾತು’ ಎಂದು ಕಾರ್ಡನ್ನು ನೆಲಕ್ಕೆ ಎಸೆದ. ಸೊಸೆ ಬಗ್ಗಿ, ಎತ್ತಿ, ಕೋಟಿನ ತೋಳಿಗೆ ಒರೆಸಿ, ‘ಗೀರು ಬಿದ್ದಿಲ್ಲ ಸರ್, ಜೋಪಾನ’ ಎಂದು ಅವನ ಕೈಗಿಟ್ಟಳು. ಅತ್ತೆ ಕುರ್ಚಿಯಿಂದ ಅರ್ಧ ಎದ್ದಿದ್ದರು. ಸೊಸೆ ಕಣ್ಣಲ್ಲೇ ಬೇಡ ಎಂದಳು. ಮತ್ತೆ ಕೂತರು.

ಕೊನೆಗೆ ವಿಮಾನಕ್ಕೆ ಕರೆ ಬಂತು. ಅತ್ತೆ ಹೋಗಿಬರ್ತೀನಿ ಎಂದಷ್ಟೇ ಹೇಳಿ ಹೊರಟರು. ‘ಅವರು ಮಗಳ ಮನೇಲಿದ್ದ ಮೂರು ತಿಂಗಳೂ ನನಗೆ ಒಂದೇ ಯೋಚನೆ’ ಎನ್ನುತ್ತಾಳೆ ಬಾಗಿಲಕ್ಕ. ‘ಊರಿಗೆಲ್ಲ ಹೇಳ್ಕೊಂಡು ಬಂದಿದ್ರು, ಅಷ್ಟು ಜನರ ಮುಂದೆ ಮುಖಭಂಗ ಮಾಡಿದ್ನಲ್ಲ ಅಂತ. ಎಷ್ಟೋ ಅಪರಿಚಿತರಿಗೆ ನಯವಾಗಿ ಹೇಳ್ತೀನಿ, ಮನೆಯವರಿಗೆ ಹೇಳೋಕೆ ಬರ್ಲಿಲ್ಲ.’

ಅತ್ತೆ ಮಗಳ ಮನೆ ಸೇರಿದ ರಾತ್ರಿಯೇ ಮಗನಿಗೆ ಫೋನು ಮಾಡಿದ್ದರು ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ. ದರ್ಜಿ ಗಂಡ ಈಗ ಅದನ್ನು ನಗುತ್ತಾ ಹೇಳುತ್ತಾನೆ. ‘ಮೊಮ್ಮಗು ವಿಷಯ ಹೇಳ್ತಾರೇನೋ ಅಂದ್ಕೊಂಡೆ. ಫೋನ್ ಎತ್ತಿದ ತಕ್ಷಣ, “ಅವಳು ದಿನಾ ಅಷ್ಟು ಹೊತ್ತು ನಿಂತೇ ಇರ್ತಾಳೇನೋ? ನನಗ್ಯಾಕೋ ಹೇಳ್ಲಿಲ್ಲ?” ಅಂತ ನನ್ನನ್ನೇ ಬೈಯೋಕೆ ಶುರುಮಾಡಿದ್ರು. “ನಿನ್ನ ಹೆಂಡತಿಗೆ ಇದನ್ನ ಹೇಳಿದ್ರೆ ನೋಡು” ಅಂತಾನೂ ಅಂದ್ರು. ಅಮ್ಮನ ಮಾತು ಮೀರೋಕಾಗುತ್ತಾ? ಬಾಯಿ ಮುಚ್ಕೊಂಡಿದ್ದೆ.’

ಊರಿಗೆ ಮರಳಿದ ಮೇಲೂ ಅತ್ತೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಮಾರನೆಯ ಸಂಜೆ ಬಾಗಿಲಕ್ಕ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಒಂದು ಬೋಗುಣಿ ಬಿಸಿನೀರು ಕಾದಿತ್ತು, ಪಕ್ಕದಲ್ಲಿ ಒಣಗಿದ ಬಟ್ಟೆ. ‘ಕಾಲಿಡು’ ಎಂದರು ಅತ್ತೆ, ಅವಳ ಕಡೆ ನೋಡದೆ. ಅಂದಿನಿಂದ ಒಂದು ಸಂಜೆಯೂ ಅದು ತಪ್ಪಿಲ್ಲ. ಬೀದಿಯಲ್ಲಿ ಮಾತ್ರ ಅವರ ವರಸೆಯೇ ಬೇರೆ. ಬಟ್ಟೆ ಹೊಲಿಸಲು ಬಂದವರನ್ನೆಲ್ಲ ಕೂರಿಸಿಕೊಂಡು, ಎದೆಯುಬ್ಬಿಸಿ ಹೇಳುತ್ತಾರಂತೆ. ‘ನನ್ನನ್ನೇ ಒಳಗೆ ಬಿಡ್ಲಿಲ್ಲ ಕಣ್ರೀ ನನ್ನ ಸೊಸೆ! ಇನ್ನು ಬೇರೆಯವರನ್ನ ಬಿಡ್ತಾಳಾ?’

ಆ ಮಂಜಿನ ದಿನದ ಕುರ್ಚಿಗಳು ಸಂಜೆಯೇ ಒಳಗೆ ಹೋಗಿದ್ದವು. ಬಾಗಿಲಕ್ಕ ಪಟ್ಟು ಬಿಡಲಿಲ್ಲ, ಮತ್ತೆ ಕೇಳಿದಳು. ಮ್ಯಾನೇಜರು ‘ನೋಡೋಣ’ ಎಂದರು. ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ನೋಡೋಣ. ಅತ್ತೆ ಊರಿಗೆ ಹಿಂದಿರುಗುವ ವಾರ ಇಬ್ಬರು ಆಳುಗಳು ಕಬ್ಬಿಣದ ಕಾಲಿನ, ಮರದ ಹಲಗೆಯ ಒಂದು ಉದ್ದನೆಯ ಬೆಂಚು ತಂದು ಕಂಬದ ಪಕ್ಕ ಇಳಿಸಿ ಹೋದರು. ಆ ಬಗ್ಗೆ ಮ್ಯಾನೇಜರನ್ನು ಕೇಳಿದರೆ ಅವರು ಗಂಭೀರವಾಗಿಯೇ ಉತ್ತರಿಸುತ್ತಾರೆ. ‘ಅವರತ್ತೆ ಅದೇ ದಾರೀಲಿ ವಾಪಸ್ ಬರ್ತಾರೆ ಅಂತ ಗೊತ್ತಾಯ್ತು. ಬರೋಕೆ ಮುಂಚೆ ಹಾಕಿಸಿಬಿಡೋಣ ಅಂತ.’ ಬಂದಿಳಿಯುವವರ ದಾರಿ ಕೆಳಗಿನ ಮಹಡಿಯದು, ಈ ಬಾಗಿಲ ಹತ್ತಿರ ಸುಳಿಯುವುದೇ ಇಲ್ಲ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಈಗ ಬಿಸಿಲು ಗಾಜಿನೊಳಗೆ ಬಂದು ನೆಲದ ಮೇಲೆ ಬಿದ್ದಿದೆ. ಬೆಂಚಿನ ಮೇಲೆ ಮೂವರು ಕೂತಿದ್ದಾರೆ. ಕಾರ್ಡಿನ ಅವಧಿ ಮುಗಿದ ಒಬ್ಬ ಹುಡುಗ ಬ್ಯಾಂಕಿಗೆ ಫೋನು ಮಾಡುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಅಜ್ಜ, ಒಬ್ಬ ಅಜ್ಜಿ. ಅವರದು ಒಬ್ಬರಿಗಷ್ಟೇ ನಡೆಯುವ ಕಾರ್ಡು. ಯಾರು ಹೋಗಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನಿಸುವ ಅವಸರವೂ ಇದ್ದಂತಿಲ್ಲ. ಬಾಗಿಲಕ್ಕ ಅವರಿಗೆ ನೀರು ಕೊಟ್ಟು ಬಂದು ಮೇಜಿನ ಹಿಂದೆ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾಳೆ.

ಒಂದು ದಿನವಾದರೂ ಒಳಗೆ ಹೋಗಿ ಸೋಫಾದ ಮೇಲೆ ಕೂತು ಬರುವ ಆಸೆಯಿಲ್ಲವೇ ಎಂದರೆ ಕೈ ಆಡಿಸಿಬಿಡುತ್ತಾಳೆ. ‘ಅಲ್ಲಿ ಕೂತ್ರೆ ನಿದ್ದೆ ಬರುತ್ತೆ.’ ಹಾಗಾದರೆ ಇನ್ನೇನು ಬೇಕು? ಕಣ್ಣಲ್ಲೇ ಅಜ್ಜ ಅಜ್ಜಿಯನ್ನು ತೋರಿಸುತ್ತಾಳೆ. ಅಜ್ಜಿ ಒಂದು ಕೈಯನ್ನು ಹಿಂದಕ್ಕೆ ಊರಿ ಬೆನ್ನು ನೆಟ್ಟಗೆ ಹಿಡಿದುಕೊಂಡಿದ್ದಾರೆ.

‘ಬೆಂಚಿಗೆ ಒರಗೋಕೆ ಏನೂ ಇಲ್ಲ ನೋಡಿ. ವಯಸ್ಸಾದೋರು ಎಷ್ಟು ಹೊತ್ತು ಅಂತ ನೆಟ್ಟಗೆ ಕೂರ್ತಾರೆ? ಹಿಂದೆ ಒಂದು ಹಲಗೆ ಹಾಕ್ಸಿ ಅಂತ ಹೋದ ವಾರ ಕೇಳಿದ್ದೀನಿ. ನೋಡೋಣ ಅಂದಿದ್ದಾರೆ.’ ಸಾಲಿನಲ್ಲಿ ಮುಂದಿನವರು ಕಾರ್ಡು ತೆಗೆಯುತ್ತಿದ್ದಾರೆ. ಅವಳ ಅಂಗೈ ಆಗಲೇ ಯಂತ್ರದ ಹತ್ತಿರ ಹೋಗಿದೆ. ‘ಮುಂಚೆ ನೋಡೋಣ ಅನ್ನುವಾಗ ಮುಖ ಗಂಟು ಹಾಕ್ಕೊಳ್ತಿದ್ರು. ಈ ಸಲ ನಕ್ಕೊಂಡು ಅಂದ್ರು. ಆಗುತ್ತೆ ಬಿಡಿ.’